ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಯೇ ಬರೆಯಬೇಕಾ?

ಪ್ರಶ್ನೆ: ಮೇಡಂ, ನಮ್ಮ ಊರು ಕುಂದಾಪುರದ ಕಡೆ. ಹತ್ತು ವರ್ಷದಿಂದ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇದ್ದೇವೆ. ಮಗಳು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಎರಡನೇ ಕ್ಲಾಸು. ಒಂದನೇ ಕ್ಲಾಸಿನಲ್ಲಿ ಬಿಡಿಬಿಡಿಯಾಗಿ ಬರೆಯಲು ಕಲಿಸಿದ್ದರು. ಈ ಜೂನ್‌ನಿಂದ ಎಲ್ಲವೂ ಕರ್ಸಿವ್‌ನಲ್ಲೇ, ಅಂದರೆ ಅಕ್ಷರ ಕೂಡಿಸಿಯೇ ಇರಬೇಕು ಅಂದಿದ್ದಾರೆ. ದಿನಕ್ಕೆ ಎರಡು ಪುಟ ಕಾಪಿ. ಮರಾಠಿ ಬೇರೆ ಇದೆ. ಸಂಜೆ ಅಜ್ಜಿ ಕನ್ನಡ ಅಕ್ಷರ ತಿದ್ದಿಸುತ್ತಾರೆ. ಮಗು ಕೈ ನೋವು ಎಂದು ಅಳುತ್ತಾಳೆ. ನಮ್ಮ ಯಜಮಾನರು ‘ಮುಂದೆ ಎಲ್ಲಾ ಟೈಪಿಂಗೇ, ಇದೆಲ್ಲ ಯಾಕೆ’ ಅನ್ನುತ್ತಾರೆ. ಮಾವ ‘ಅಕ್ಷರ ಚೆನ್ನಾಗಿಲ್ಲದಿದ್ದರೆ ಅದು ವಿದ್ಯೆಯೇ ಅಲ್ಲ’ ಅನ್ನುತ್ತಾರೆ. ಶಾಲೆಗಳು ಇನ್ನೂ ಕರ್ಸಿವ್ ಕಲಿಸಬೇಕಾ? ಹೊರೆ ಕಡಿಮೆ ಮಾಡಲು ಕನ್ನಡವನ್ನು ಸ್ವಲ್ಪ ದಿನ ನಿಲ್ಲಿಸಲಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕನ್ನಡ ನಿಲ್ಲಿಸಬೇಡಿ. ಒಂದು ವಾರದ ಮಟ್ಟಿಗೂ ಬೇಡ. ಏನಾದರೂ ಕಡಿಮೆ ಮಾಡಲೇಬೇಕು ಅಂದರೆ ಅದು ಕರ್ಸಿವ್‌ನ ಆ ಎರಡು ಪುಟ.

ಇನ್ನು ಮನೆಯಲ್ಲಿ ನಡೆಯುತ್ತಿರುವ ವಾದ. ನಿಮ್ಮ ಮಾವ ಹೇಳುತ್ತಿರುವುದು ಕೈಬರಹದ ವಿಷಯ. ಶಾಲೆ ಕೇಳುತ್ತಿರುವುದು ಇಂಗ್ಲಿಷ್ ಅಕ್ಷರಗಳಿಗೆ ಒಂದಕ್ಕೊಂದು ಕೊಂಡಿ ಹಾಕುವ ವಿಷಯ. ಇವೆರಡೂ ಒಂದೇ ಅಲ್ಲ. ಮುಂಬೈಯಲ್ಲೂ ಪುಣೆಯಲ್ಲೂ ಸೇರಿ ಮೂವತ್ತು ವರ್ಷ ಮೊದಲು ಮಕ್ಕಳಿಗೆ, ಆಮೇಲೆ ಶಿಕ್ಷಕರಿಗೆ ಬರವಣಿಗೆ ಕಲಿಸಿದ್ದೇನೆ. ಈ ಎರಡನ್ನೂ ಒಂದೇ ಎಂದುಕೊಂಡ ದೊಡ್ಡವರ ಕೈಯಲ್ಲಿ ಸಿಕ್ಕಿ ಅತ್ತ ಮಕ್ಕಳನ್ನು ತುಂಬಾ ನೋಡಿದ್ದೇನೆ. ಕೈಯಲ್ಲಿ ಬರೆಯುವುದು ಬೇಕು, ಬೇಕೇ ಬೇಕು. ಆದರೆ ಏಳು ವರ್ಷದ ಮಗು ಕೊಂಡಿ ಹಾಕಿಯೇ ಬರೆಯಬೇಕು ಅನ್ನುವುದಕ್ಕೆ ಗಟ್ಟಿ ಕಾರಣ ನನಗೆ ಇವತ್ತಿನವರೆಗೂ ಸಿಕ್ಕಿಲ್ಲ.

ಯಜಮಾನರ ಮಾತನ್ನು ನೋಡೋಣ. ಎಲ್ಲಾ ಟೈಪಿಂಗೇ ಆದರೆ ಕೈಬರಹ ಯಾಕೆ? 2012ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್ ಅವರ ಒಂದು ಅಧ್ಯಯನ ಪ್ರಕಟವಾಯಿತು. ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳು ಕೆಲವು ಅಕ್ಷರಗಳನ್ನು ತಾವೇ ಬರೆದರು. ಕೆಲವನ್ನು ಗೆರೆಯ ಮೇಲೆ ತಿದ್ದಿದರು. ಕೆಲವನ್ನು ಕೀಲಿಮಣೆಯಲ್ಲಿ ಒತ್ತಿದರು. ಆಮೇಲೆ ಮೆದುಳಿನ ಸ್ಕ್ಯಾನ್ ಮಾಡುತ್ತಾ ಅವೇ ಅಕ್ಷರಗಳನ್ನು ಅವರಿಗೆ ತೋರಿಸಿದರು. ತಾವೇ ಬರೆದ ಅಕ್ಷರ ಕಂಡಾಗ, ಓದುವಾಗ ಕೆಲಸ ಮಾಡುವ ಮೆದುಳಿನ ಭಾಗಗಳು ಜಾಸ್ತಿ ಚುರುಕಾದವು. ಒತ್ತಿದ ಅಕ್ಷರಕ್ಕೂ ತಿದ್ದಿದ ಅಕ್ಷರಕ್ಕೂ ಹಾಗೆ ಆಗಲಿಲ್ಲ. ಅಧ್ಯಯನ ಸಣ್ಣದು, ಮಕ್ಕಳೂ ಕಡಿಮೆ. ಆದರೆ ಕ್ಲಾಸಿನಲ್ಲಿ ನಾನು ದಿನಾ ಕಂಡದ್ದಕ್ಕೆ ಅದು ಸರಿಯಾಗಿ ಹೊಂದುತ್ತದೆ. ಮಗು ಬರೆಯುವಾಗ ಪ್ರತಿ ಸಲವೂ ಅಕ್ಷರ ಬೇರೆ ಬೇರೆ ಆಗುತ್ತದೆ. ಒಮ್ಮೆ ಹೊಟ್ಟೆ ದಪ್ಪ, ಒಮ್ಮೆ ಬಾಲ ಉದ್ದ. ಇಷ್ಟು ಬೇರೆ ಬೇರೆಯಾದರೂ ಇದು ಅದೇ ಅಕ್ಷರ ಎಂದು ಮಗು ಗುರುತಿಸುತ್ತದಲ್ಲ, ಅಲ್ಲಿ ಓದು ಶುರುವಾಗುತ್ತದೆ.

ಕನ್ನಡದಲ್ಲಿ ‘ತಿದ್ದು’ ಎಂಬ ಮಾತಿಗೆ ಎರಡು ಅರ್ಥ ಇದೆ. ಬರೆದದ್ದರ ಮೇಲೆ ಮತ್ತೆ ಮತ್ತೆ ಬರೆಯುವುದು, ತಪ್ಪನ್ನು ಸರಿಮಾಡುವುದು. ನಮ್ಮ ಹಿರಿಯರು ಮರಳ ಮೇಲೆ, ಅಕ್ಕಿಯ ಮೇಲೆ ಬೆರಳು ಹಿಡಿದು ತಿದ್ದಿಸಿದರು. ಆದರೆ ಅಲ್ಲೇ ನಿಲ್ಲುತ್ತಿರಲಿಲ್ಲ. ಅಳಿಸಿ, ‘ಈಗ ನೀನೇ ಬರೆ’ ಅನ್ನುತ್ತಿದ್ದರು. ನಿಮ್ಮ ಅತ್ತೆಯವರೂ ಹಾಗೇ ಮಾಡುತ್ತಿರಬಹುದು. ಶಾಲೆಯ ಕಾಪಿ ಪುಸ್ತಕದಲ್ಲಿ ಆ ‘ನೀನೇ ಬರೆ’ ಅನ್ನುವ ಭಾಗ ತೀರಾ ಕಡಿಮೆ. ಚುಕ್ಕಿ ಸೇರಿಸು, ಮೇಲಿನ ಸಾಲು ನೋಡಿ ಹತ್ತು ಸಲ ಬರೆ, ಅಷ್ಟೇ. ಅಜ್ಜಿಯ ಹದಿನೈದು ನಿಮಿಷ ಆ ಎರಡು ಪುಟಕ್ಕಿಂತ ದೊಡ್ಡದು ಎಂದು ನಾನು ನಂಬುವುದು ಇದಕ್ಕೇ.

ಈಗ ಕರ್ಸಿವ್. 2024ರಲ್ಲಿ ನಾರ್ವೆಯ ಒಂದು ಅಧ್ಯಯನ ಬಂತು. ನಮ್ಮ ಪಾಲಕರು ಅದನ್ನು ವಾಟ್ಸಾಪ್‌ನಲ್ಲಿ ನನಗೆ ಎಷ್ಟೋ ಸಲ ಕಳಿಸಿದ್ದಾರೆ. ‘ಕರ್ಸಿವ್ ಬರೆದರೆ ಮೆದುಳು ಚುರುಕಾಗುತ್ತದೆ’ ಎಂದು ಮೇಲೆ ಬರೆದಿರುತ್ತದೆ. ಆ ಅಧ್ಯಯನದಲ್ಲಿ ಇದ್ದವರು 36 ಮಂದಿ ಕಾಲೇಜು ವಿದ್ಯಾರ್ಥಿಗಳು. ಡಿಜಿಟಲ್ ಪೆನ್ನಿನಲ್ಲಿ ಕೂಡಿಸಿ ಬರೆದಾಗ ಏನಾಗುತ್ತದೆ, ಕೀಲಿಮಣೆ ಒತ್ತಿದಾಗ ಏನಾಗುತ್ತದೆ ಎಂದು ನೋಡಿದರು. ಪೆನ್ನು ಹಿಡಿದಾಗ ಮೆದುಳಿನ ಭಾಗಗಳ ನಡುವಿನ ಸಂಪರ್ಕ ಜಾಸ್ತಿ ಕಂಡಿತು. ಸರಿ. ಆದರೆ ಕೂಡಿಸಿ ಬರೆದದ್ದನ್ನು ಬಿಡಿ ಅಕ್ಷರದ ಜೊತೆ ಅವರು ಹೋಲಿಸಲಿಲ್ಲ. ಅದು ಪೆನ್ನಿನ ಪರವಾದ ಮಾತು. ಕೊಂಡಿಯ ಪರವಾದ ಮಾತಲ್ಲ.

ಹಾಗಾದರೆ ಕೊಂಡಿ ಎಲ್ಲಿಂದ ಬಂತು? ಯುರೋಪಿನಲ್ಲಿ ಹಕ್ಕಿಯ ಗರಿಯನ್ನು ಕೆತ್ತಿ, ಮಸಿಯಲ್ಲಿ ಅದ್ದಿ ಬರೆಯುತ್ತಿದ್ದ ಕಾಲ ಇತ್ತು. ಗರಿಯನ್ನು ಎತ್ತಿ ಮತ್ತೆ ಇಟ್ಟಾಗಲೆಲ್ಲ ಮಸಿ ತೊಟ್ಟಿಕ್ಕುವ ಭಯ. ಎತ್ತದೇ ಹರಿಸಿಕೊಂಡು ಹೋದರೆ ಪುಟ ಚೊಕ್ಕ. ಆಮೇಲೆ ತಾಮ್ರದ ತಗಡಿನ ಮೇಲೆ ಕೆತ್ತಿ ಅಚ್ಚು ಹಾಕಿದ ಮಾದರಿ ಪುಸ್ತಕಗಳು ಬಂದವು. ಆ ಬರಹಕ್ಕೆ ಕಾಪರ್‌ಪ್ಲೇಟ್ ಎಂಬ ಹೆಸರು ಬಂದದ್ದು ಹೀಗೆ. ಬ್ರಿಟಿಷರ ಕಚೇರಿಗಳ ಜೊತೆ ಅಂಥ ಬರಹ ನಮ್ಮಲ್ಲಿಗೂ ಬಂತು. ಇಂಗ್ಲಿಷ್ ಚೆಂದ ಕೂಡಿಸಿ ಬರೆಯಬಲ್ಲವನಿಗೆ ಗುಮಾಸ್ತೆ ಕೆಲಸ ಸಿಗುತ್ತಿತ್ತು. ನಿಮ್ಮ ಮಾವನ ತಲೆಮಾರಿಗೆ ಒಳ್ಳೆಯ ಅಕ್ಷರ ಅಂದರೆ ಅನ್ನ. ಅವರ ಮಾತಿನ ಹಿಂದೆ ಅದು ಇದೆ, ಅದನ್ನು ಹಗುರವಾಗಿ ನೋಡಬೇಡಿ. ಆದರೆ ಇವತ್ತಿನ ಮಾದರಿಯ ಬಾಲ್ ಪೆನ್ನಿಗೆ 1938ರಲ್ಲೇ ಪೇಟೆಂಟ್ ಸಿಕ್ಕಿತು. ನಿಮ್ಮ ಮಗಳು ಬರೆಯುವುದು ಪೆನ್ಸಿಲಿನಲ್ಲಿ. ಎತ್ತಿ ಇಟ್ಟರೆ ಏನೂ ಚೆಲ್ಲುವುದಿಲ್ಲ.

‘ಕೂಡಿಸಿ ಬರೆದರೆ ವೇಗ ಬರುತ್ತದೆ’ ಎಂದು ಟೀಚರ್ ಹೇಳಬಹುದು. ಅದರಲ್ಲಿ ಸ್ವಲ್ಪ ನಿಜ ಇದೆ, ಪೂರ್ತಿ ಅಲ್ಲ. 1998ರಲ್ಲಿ ಅಮೆರಿಕದಲ್ಲಿ ನಾಲ್ಕರಿಂದ ಒಂಬತ್ತನೇ ತರಗತಿಯ ಮಕ್ಕಳ ಬರಹ ನೋಡಿದಾಗ, ಕೆಲವನ್ನು ಕೂಡಿಸಿ ಕೆಲವನ್ನು ಬಿಡಿಸಿ ಬರೆಯುವವರ ಕೈಯೇ ಮುಂದಿತ್ತು. ನಿಮ್ಮ ಕೈಬರಹವನ್ನೇ ನೋಡಿಕೊಳ್ಳಿ. ನಾವೆಲ್ಲ ಬರೆಯುವುದು ಹಾಗೇ ಅಲ್ವಾ?

ಕರ್ಸಿವ್ ಪರವಾಗಿಯೂ ಒಂದು ಮಾತು ಹೇಳಬೇಕು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಎರಡನೇ ತರಗತಿಯ ಮಕ್ಕಳನ್ನು ಗಮನಿಸಿದ ಅಧ್ಯಯನ 2012ರಲ್ಲಿ ಬಂತು. ಮೊದಲಿನಿಂದಲೂ ಕೂಡಿಸಿಯೇ ಕಲಿತ ಮಕ್ಕಳು ಕಾಗುಣಿತದಲ್ಲಿ ಚೆನ್ನಾಗಿದ್ದರು. ಫ್ರಾನ್ಸಿನಲ್ಲಿ ಇವತ್ತಿಗೂ ಶುರುವಿನಿಂದಲೇ ಹಾಗೆ ಕಲಿಸುತ್ತಾರೆ. ಆದರೆ ಆ ಅಧ್ಯಯನ ಮಾಡಿದವರು ಕೊನೆಗೆ ಹೇಳಿದ್ದು ಯಾವುದಾದರೂ ಒಂದೇ ರೀತಿ ಕಲಿಸಿ ಎಂದು. ಮೊದಲು ಬಿಡಿ ಅಕ್ಷರ ಕಲಿಸಿ, ಕೈ ಪಳಗುವ ಹೊತ್ತಿಗೆ ಕೂಡಿಸು ಅಂದರೆ ಮಗು ಎಡವುತ್ತದೆ. ನಿಮ್ಮ ಮಗಳಿಗೆ ಆಗಿರುವುದು ಸರಿಯಾಗಿ ಅದೇ. ಹೋದ ವರ್ಷ ಕಲಿತದ್ದನ್ನು ಈ ವರ್ಷ ತಪ್ಪು ಅಂದಿದ್ದಾರೆ. ಸಣ್ಣ ಆರ್, ಎಸ್, ಎಫ್, ಝಡ್ ಎಲ್ಲಾ ಬೇರೆ ಆಕಾರ. ಕೆಲವು ಕಾಪಿ ಪುಸ್ತಕಗಳಲ್ಲಿ ದೊಡ್ಡ ಕ್ಯೂ ನೋಡಲು 2ರ ಹಾಗೆ ಇರುತ್ತದೆ. ಪಾಠದ ಪುಸ್ತಕದಲ್ಲಿ ಅಚ್ಚಾಗಿರುವುದು ಒಂದು, ತಾನು ಬರೆಯಬೇಕಾದ್ದು ಇನ್ನೊಂದು.

ಇದರ ಮೇಲೆ ನಮ್ಮ ಮಕ್ಕಳಿಗೆ ಇನ್ನೊಂದು ಸಂಗತಿ ಇದೆ. ಹೊರದೇಶದ ಅಧ್ಯಯನಗಳ ಮಕ್ಕಳಿಗೆ ಅದು ಇರಲಿಲ್ಲ. ನಿಮ್ಮ ಮಗಳು ಮೂರು ಲಿಪಿ ಬರೆಯುತ್ತಾಳೆ! 2020ರ ಕಾಯ್ದೆಯಿಂದ ಮಹಾರಾಷ್ಟ್ರದ ಎಲ್ಲಾ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಹಾಗಾಗಿ ದೇವನಾಗರಿ ಬಂತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಒಂದೊಂದು ಲಿಪಿಯೂ ಕೈಯಿಂದ ಒಂದೊಂದು ಕೆಲಸ ಕೇಳುತ್ತದೆ. ಇಂಗ್ಲಿಷ್ ಅಕ್ಷರ ಕೆಳಗಿನ ಗೆರೆಯ ಮೇಲೆ ನಿಲ್ಲುತ್ತದೆ, ಅದಕ್ಕೆ ನಾಲ್ಕು ಗೆರೆ ಪುಸ್ತಕ. ದೇವನಾಗರಿ ಮೇಲಿನ ಗೆರೆಯಿಂದ ಬಟ್ಟೆ ಒಣಹಾಕಿದ ಹಾಗೆ ತೂಗುತ್ತದೆ, ಅದಕ್ಕೆ ದುರೇಘಿ ವಹಿ, ಅಂದರೆ ಎರಡು ಗೆರೆ ಪುಸ್ತಕ. ನಮ್ಮ ಕನ್ನಡ ದುಂಡಗೆ ಕೂರುತ್ತದೆ. ತಲೆಕಟ್ಟು ಮೇಲೆ ಹೋಗುತ್ತದೆ, ಒತ್ತಕ್ಷರ ಕೆಳಗೆ ಇಳಿಯುತ್ತದೆ, ದೀರ್ಘ ಪಕ್ಕಕ್ಕೆ ಸೇರುತ್ತದೆ. ಇಂಗ್ಲಿಷಿನ ಎ, ಸಿ, ಡಿ, ಜಿ, ಒ ಎಲ್ಲಾ ಎಡಕ್ಕೆ ಸುತ್ತುವ ಅಕ್ಷರಗಳು. ಕನ್ನಡದಲ್ಲಿ ಕೈ ಎಡಕ್ಕೂ ಸುತ್ತಬೇಕು, ಬಲಕ್ಕೂ ಸುತ್ತಬೇಕು.

ಇದು ಹೊರೆಯೂ ಹೌದು, ವರವೂ ಹೌದು. ಕನ್ನಡದ ‘ಇ’, ‘ಖ’, ‘ಞ’ ಬರೆದ ಬೆರಳು ಪೆನ್ಸಿಲನ್ನು ಎಲ್ಲಾ ದಿಕ್ಕಿಗೂ ತಿರುಗಿಸಲು ಕಲಿತಿರುತ್ತದೆ. ಅಂಥ ಮಕ್ಕಳು ಮುಂದೆ ಮೂರು, ನಾಲ್ಕನೇ ಕ್ಲಾಸಿನಲ್ಲಿ ಇಂಗ್ಲಿಷನ್ನು ಕೂಡಿಸಿ ಬರೆಯಲು ಹೊರಟಾಗ ತಿಂಗಳೊಳಗೆ ಕಲಿತದ್ದನ್ನು ನಾನು ನೋಡಿದ್ದೇನೆ. ಆದರೆ ಮೂರೂ ಲಿಪಿ ಇನ್ನೂ ಹಸಿಯಾಗಿರುವಾಗ ಇಂಗ್ಲಿಷನ್ನೇ ಎರಡು ರೂಪದಲ್ಲಿ ಕೊಡುವುದು ಅಂದರೆ ನಾಲ್ಕನೇ ಲಿಪಿ ಹೇರಿದ ಹಾಗೆ. ಆಗ ಪಾಲಕರಿಗೆ ಮೊದಲು ಹೊಳೆಯುವುದು ‘ಕನ್ನಡ ಬಿಡಿಸೋಣ’ ಎಂದು. ಈ ಊರಿನಲ್ಲಿ ಎಷ್ಟೋ ಮನೆಗಳಲ್ಲಿ ಕನ್ನಡ ಹೋದದ್ದು ಹೀಗೇ, ಎರಡನೇ ಕ್ಲಾಸಿನ ಮಳೆಗಾಲದಲ್ಲಿ. ಮತ್ತೆ ವಾಪಸ್ ಬರುವುದು ಕಷ್ಟ. ನಿಮ್ಮ ಪತ್ರ ಓದಿ ನನಗೆ ಸಂಕಟವಾದದ್ದು ಅದಕ್ಕೇ.

ನನ್ನ ಒಂದು ತಪ್ಪನ್ನೂ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮುಂಬೈಯ ಒಂದು ರಾತ್ರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಹಗಲು ಹೋಟೆಲಿನಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರು. ರಾತ್ರಿ ಏಳೂವರೆಗೆ ಸ್ನಾನ ಮಾಡಿ ತಲೆ ಬಾಚಿಕೊಂಡು ಬರುತ್ತಿದ್ದರು. ನನ್ನ ಇಂಗ್ಲಿಷ್ ಅಕ್ಷರ ಮುತ್ತಿನ ಹಾಗಿದೆ ಎಂದು ಎಲ್ಲರೂ ಹೊಗಳಿದ್ದರಿಂದ, ಬೋರ್ಡಿನ ಮೇಲೆ ಕೂಡಿಸಿಯೇ ಬರೆಯುತ್ತಿದ್ದೆ. ಮೂರು ತಿಂಗಳಾದರೂ ಹಿಂದಿನ ಬೆಂಚಿನ ಒಬ್ಬ ಹುಡುಗ ಏನೂ ಬರೆದುಕೊಳ್ಳುತ್ತಿರಲಿಲ್ಲ. ಗದರಿದೆ. ಅವನು ಮೆತ್ತಗೆ, ‘ಟೀಚರ್, ಬುಕ್ಕಿನಲ್ಲಿ ಇರೋದು ಓದ್ತೇನೆ. ನೀವು ಬರೆಯೋದು ಇಂಗ್ಲಿಷಾ?’ ಎಂದ. ಅಚ್ಚಿನ ಅಕ್ಷರವನ್ನು ಕಷ್ಟಪಟ್ಟು ಕಲಿತಿದ್ದ ಹುಡುಗ. ನನ್ನ ಚೆಂದದ ಬರಹ ಅವನಿಗೆ ಬಾಗಿಲು ಹಾಕಿಬಿಟ್ಟಿತ್ತು. ಮರುದಿನದಿಂದ ಬೋರ್ಡಿನ ಮೇಲೆ ಬಿಡಿ ಅಕ್ಷರ. ಇವತ್ತಿಗೂ ಹಾಗೆಯೇ.

ಬರಹ ಇರುವುದು ಇನ್ನೊಬ್ಬರು ಓದಲಿಕ್ಕೆ. 2016ರಲ್ಲಿ ನಮ್ಮ ವೈದ್ಯಕೀಯ ಮಂಡಳಿ ನಿಯಮವನ್ನೇ ತಿದ್ದಿತು. ವೈದ್ಯರು ಔಷಧದ ಚೀಟಿಯನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟೂ ದೊಡ್ಡ ಬಿಡಿ ಅಕ್ಷರಗಳಲ್ಲಿ ಬರೆಯಬೇಕು ಎಂದಿತು. ಜೀವದ ಪ್ರಶ್ನೆ ಬಂದಾಗ ಕೂಡಿಸಿ ಬರೆಯಿರಿ ಎಂದು ಯಾರೂ ಹೇಳಲಿಲ್ಲ. ಪರೀಕ್ಷೆಯ ಚಿಂತೆ ಇದ್ದರೆ ಅದನ್ನೂ ಬಿಡಿ. ಬೋರ್ಡ್ ಪರೀಕ್ಷೆಯಲ್ಲಿ ಕರ್ಸಿವ್‌ಗೆ ಅಂತ ಅಂಕ ಇಲ್ಲ. ಮುಂಬೈ ವಿಶ್ವವಿದ್ಯಾಲಯ 2017ರಲ್ಲಿ ಉತ್ತರಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ತೆರೆಯ ಮೇಲೆ ತಿದ್ದಿಸಲು ಶುರು ಮಾಡಿತು. ತೆರೆಯ ಮೇಲೆ ನೂರಾರು ಪುಟ ಓದಿ ದಣಿದ ಕಣ್ಣಿಗೆ ಬೇಕಾಗಿರುವುದು ಬಿಡಿಸಿ ಕಾಣುವ ಅಕ್ಷರ, ಪದಗಳ ನಡುವೆ ಜಾಗ.

ಇಷ್ಟು ಹೇಳಿದ ಮೇಲೆ, ಶಾಲೆಗಳು ಕರ್ಸಿವ್ ಕೈಬಿಡಲಿ ಎಂದು ನಾನು ಹೇಳುತ್ತೇನೆ ಅಂದುಕೊಂಡಿರಬಹುದು. ಇಲ್ಲ. ಕಾರಣ ತಿಳಿಯಬೇಕಾದರೆ ನೀವು ಇರುವ ರಾಜ್ಯದ್ದೇ ಒಂದು ಕಥೆ ಕೇಳಬೇಕು.

ಮರಾಠಿಗೆ ಮೋಡಿ ಎಂಬ ಲಿಪಿ ಇತ್ತು. ಅದು ಮರಾಠಿಯ ಕರ್ಸಿವ್. ಮೊದಲು ಪುಟದ ಈ ತುದಿಯಿಂದ ಆ ತುದಿಗೆ ತಲೆಗೆರೆ ಎಳೆಯುತ್ತಿದ್ದರು. ಆಮೇಲೆ ಬೋರು ಎಂಬ ಲೇಖನಿಯಲ್ಲಿ, ಆದಷ್ಟೂ ಕೈ ಎತ್ತದೆ, ಅಕ್ಷರದಿಂದ ಅಕ್ಷರಕ್ಕೆ ಹರಿದು ಹೋಗುತ್ತಿದ್ದರು. ಪದಗಳ ನಡುವೆ ಜಾಗವಿಲ್ಲ. ಹ್ರಸ್ವ ದೀರ್ಘ ಎಂಬ ಭೇದವೂ ಸಾಮಾನ್ಯವಾಗಿ ಇಲ್ಲ. ಪೇಶ್ವೆಯರ ಕಾಲದ ಲೆಕ್ಕ, ಪತ್ರ, ಜಮೀನಿನ ಕಾಗದ ಎಲ್ಲಾ ಇದರಲ್ಲೇ. ಪುಣೆಯ ಪೇಶ್ವೆ ದಫ್ತರದಲ್ಲಿ ಅಂಥ ಕಾಗದದ ಕಟ್ಟುಗಳು ರಾಶಿ ರಾಶಿ ಇವೆ. ನಮ್ಮ ಶ್ಯಾನುಭೋಗರು ಕಡತಗಳಲ್ಲಿ ಓಡಿಸಿ ಬರೆದ ಕನ್ನಡಕ್ಕೂ ಜನ ಮೋಡಿ ಅಕ್ಷರ ಎಂದೇ ಹೇಳುತ್ತಿದ್ದರು. ಅಚ್ಚಿನ ಮೊಳೆಗೆ ಮೋಡಿ ಸುಲಭವಾಗಿ ಒಗ್ಗಲಿಲ್ಲ, ದೇವನಾಗರಿ ಒಗ್ಗಿತು. 1950ರ ದಶಕದ ಹೊತ್ತಿಗೆ ಶಾಲೆಗಳಿಂದ ಮೋಡಿ ಹೋಯಿತು. ಎರಡೇ ತಲೆಮಾರು. ಅಜ್ಜನ ಕಾಗದವನ್ನು ಮೊಮ್ಮಗ ಓದಲಾರ. ಭಾಷೆ ಅದೇ ಮರಾಠಿ, ಆದರೂ ಓದಲಾರ.

2023ರಲ್ಲಿ ಕುಣಬಿ ಜಾತಿಯ ಹಳೆಯ ದಾಖಲೆಗಳನ್ನು ಹುಡುಕಲು ರಾಜ್ಯ ಸರ್ಕಾರ ಹೊರಟಾಗ ಇದು ಎಲ್ಲರಿಗೂ ಅರಿವಾಯಿತು. ಹಳೆಯ ಪುಸ್ತಕಗಳು ಇವೆ, ಬೇಕಾದ ಸಾಲು ಅಲ್ಲೇ ಇದೆ, ಓದುವವರು ಬೇಕು. ಮೋಡಿ ಬಲ್ಲವರಿಗೆ ಒಮ್ಮೆಲೇ ಬೇಡಿಕೆ ಬಂತು. ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳ 1910ರಲ್ಲಿ ಶುರುವಾದ ಸಂಸ್ಥೆ. ಅಲ್ಲಿ ಮೋಡಿ ತರಗತಿ ನಡೆಸುತ್ತಾರೆ. ಅಲ್ಲಿಗೆ ಹೋಗುವವರಿಗೆ ಬೇಕಾದದ್ದು ಮೋಡಿ ಬರೆಯುವುದಲ್ಲ, ಓದುವುದು.

ಇಂಗ್ಲಿಷ್ ಕರ್ಸಿವ್ ವಿಷಯದಲ್ಲೂ ನನ್ನ ಚಿಂತೆ ಇದೇ. ನಿಮ್ಮ ಮನೆಯ ಟ್ರಂಕಿನಲ್ಲಿ ಹಳೆಯ ಕರಾರು ಪತ್ರ ಇರಬಹುದು, ಯಾರದ್ದೋ ಕೈಬರಹದ ಸರ್ಟಿಫಿಕೇಟು ಇರಬಹುದು, ಮುಂಬೈಯಿಂದ ಊರಿಗೆ ಬರೆದ ಇನ್‌ಲ್ಯಾಂಡ್ ಲೆಟರ್ ಇರಬಹುದು. ಮಗು ದೊಡ್ಡವಳಾದಾಗ ಅದನ್ನು ಓದಲು ಬರಬೇಕು. ಅಮೆರಿಕದಲ್ಲಿ 2010ರ ಪಠ್ಯಕ್ರಮ ಕರ್ಸಿವ್ ಬಿಟ್ಟುಬಿಟ್ಟಿತು. ಆಮೇಲೆ ಎಷ್ಟೋ ರಾಜ್ಯಗಳು ಮತ್ತೆ ಸೇರಿಸಿದವು. ಕ್ಯಾಲಿಫೋರ್ನಿಯಾ 2023ರಲ್ಲಿ ಕಾನೂನನ್ನೇ ಮಾಡಿತು. ಫಿನ್‌ಲೆಂಡ್ 2016ರಿಂದ ಕಡ್ಡಾಯ ತೆಗೆದು ಬಿಡಿ ಅಕ್ಷರ, ಕೀಲಿಮಣೆ ಎರಡನ್ನೂ ಇಟ್ಟುಕೊಂಡಿತು. ನನಗೆ ಸರಿ ಕಾಣುವುದು ಫಿನ್‌ಲೆಂಡಿನ ದಾರಿ, ಅದರ ಜೊತೆಗೆ ಓದು. ಎರಡನೇ ಕ್ಲಾಸಿನ ಕೊನೆಯವರೆಗೂ ಬಿಡಿ ಅಕ್ಷರವೇ ಇರಲಿ, ಚೆನ್ನಾಗಿ ಕಲಿಸಲಿ. ಮೂರನೇ, ನಾಲ್ಕನೇ ಕ್ಲಾಸಿನಲ್ಲಿ ಎಲ್ಲಾ ಮಕ್ಕಳಿಗೂ ಕೂಡಿಸಿದ ಅಕ್ಷರ ಓದಲು ಕಲಿಸಲಿ. ಒಂದೆರಡು ತಿಂಗಳು, ವಾರಕ್ಕೆ ಎರಡು ಪಾಠ ಸಾಕು. ಸಹಿ ಮಾಡಲು ಕಲಿಸಲಿ. ಬರೆಯಲು ಇಷ್ಟಪಟ್ಟವರಿಗೆ ಬರೆಯಲು ಕಲಿಸಲಿ. ಕೆಲವರಿಗೆ ಅದು ತುಂಬಾ ಇಷ್ಟವಾಗುತ್ತದೆ, ಅವರನ್ನು ತಡೆಯಬಾರದು. ಬಾರದವರ ಅಂಕ ಕಳೆಯಬಾರದು, ಅಷ್ಟೇ.

ಎಡಗೈ ಮಕ್ಕಳನ್ನಂತೂ ಕಡ್ಡಾಯದಿಂದ ಪೂರ್ತಿ ಬಿಡಬೇಕು. ಬಲಗೈಯವರು ಪೆನ್ಸಿಲನ್ನು ಎಳೆಯುತ್ತಾರೆ, ಎಡಗೈಯವರು ತಳ್ಳುತ್ತಾರೆ. ಬರೆದದ್ದರ ಮೇಲೇ ಕೈ ಉಜ್ಜಿಕೊಂಡು ಹೋಗುತ್ತದೆ. ಕೊಂಡಿಗಳೆಲ್ಲ ಬಲಗೈಯವರಿಗಾಗಿ ಮಾಡಿದ್ದು.

ಈಗ ನಿಮ್ಮ ಮಗಳ ಕೈನೋವು. ಇವತ್ತು ರಾತ್ರಿ ಅವಳ ಕಾಪಿ ಪುಸ್ತಕದ ಪುಟವನ್ನು ತಿರುವಿ ಹಿಂಬದಿಯಲ್ಲಿ ಬೆರಳಾಡಿಸಿ. ಅಕ್ಷರ ಉಬ್ಬಿಕೊಂಡಿದ್ದರೆ ಅವಳು ಒತ್ತಿ ಬರೆಯುತ್ತಿದ್ದಾಳೆ. ಗೊತ್ತಿಲ್ಲದ ಆಕಾರ ಬರೆಯುವಾಗ ಮಕ್ಕಳು ಹಾಗೆ ಒತ್ತುತ್ತಾರೆ, ಭಯಕ್ಕೆ. ಉದ್ದ ಪೆನ್ಸಿಲ್ ಬಿಟ್ಟು ಬೆರಳುದ್ದದ ಗಿಡ್ಡ ಪೆನ್ಸಿಲ್ ಕೊಡಿ. ಗಿಡ್ಡದನ್ನು ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ, ತಾನಾಗಿಯೇ ಬೆರಳ ತುದಿಗೆ ಬರುತ್ತದೆ. ಮಂಚದ ಮೇಲೆ ಬೋರಲು ಮಲಗಿ ಬರೆಯುತ್ತಾಳಾ, ನೋಡಿ. ಒಂದು ಬೆಡ್‌ರೂಮಿನ ಮನೆಯಲ್ಲಿ ಮೇಜಿಗೆ ಜಾಗ ಇಲ್ಲದಿದ್ದರೆ ನೆಲದ ಮೇಲೆ ಚಕ್ಕಳ ಮಕ್ಕಳ ಕೂತು, ಎದುರಿಗೆ ಎತ್ತರದ ಮಣೆ ಇಟ್ಟುಕೊಂಡರೂ ಸರಿಯೇ. ಪುಸ್ತಕವನ್ನು ನೇರ ಇಡುವುದು ಬೇಡ. ಬಲಗೈಯವಳಾದರೆ ಮೇಲಿನ ತುದಿ ಸ್ವಲ್ಪ ಎಡಕ್ಕೆ ವಾಲಲಿ. ಬಟಾಣಿ ಸುಲಿಯಲಿ, ಚಪಾತಿ ಹಿಟ್ಟು ನಾದಲಿ, ಅಜ್ಜಿಯ ಜೊತೆ ಹೂ ಕಟ್ಟಲಿ. ಬೆರಳಿಗೆ ಬಲ ಬರುವುದು ಬರೆದೇ ಅಲ್ಲ.

ಟೀಚರ್ ಹತ್ತಿರ ಜಗಳಕ್ಕೆ ಹೋಗಬೇಡಿ. ಅವರೂ ನಲವತ್ತು ಐವತ್ತು ಮಕ್ಕಳ ನಡುವೆ ಮೇಲಿನಿಂದ ಬಂದ ನಿಯಮ ನಡೆಸುತ್ತಿರುತ್ತಾರೆ. ಒಂದೇ ಒಂದು ವಿಷಯ ಕೇಳಿ: ಎರಡು ಪುಟದ ಬದಲು ನಾಲ್ಕು ಸಾಲು ಒಪ್ಪುತ್ತೀರಾ, ಉಳಿದ ಪಾಠಗಳ ನೋಟ್ಸನ್ನು ಬಿಡಿ ಅಕ್ಷರದಲ್ಲಿ ಬರೆಯಲು ಬಿಡುತ್ತೀರಾ? ಮನೆಯಲ್ಲಿ ಮೂರು ಲಿಪಿ ನಡೆಯುತ್ತಿದೆ ಎಂದು ಹೇಳಿ. ಹೆಚ್ಚಿನವರಿಗೆ ಅದು ಗೊತ್ತೇ ಇರುವುದಿಲ್ಲ. ಗೊತ್ತಾದ ಮೇಲೆ ಒಪ್ಪದವರನ್ನು ನಾನು ಕಡಿಮೆ ನೋಡಿದ್ದೇನೆ.

ಹೀಗೆ ದೀಪಾವಳಿ ರಜೆಯ ತನಕ ನೋಡಿ. ಆಗಲೂ ನೋವು ಹೋಗದಿದ್ದರೆ, ಬಾಯಲ್ಲಿ ಸರಾಗವಾಗಿ ಹೇಳುವುದನ್ನು ಬರೆಯಲು ತಿಣುಕಾಡುತ್ತಿದ್ದರೆ, ಒಮ್ಮೆ ತೋರಿಸುವುದು ಒಳ್ಳೆಯದು. ಕಲಿಕೆಯ ತೊಂದರೆಗಳನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದೆ, ಬರವಣಿಗೆಯ ತೊಂದರೆಯೂ ಅದರಲ್ಲಿ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚು ಸಮಯದಂಥ ಸವಲತ್ತು ಸಿಗುತ್ತದೆ. ಮುಂಬೈಯಲ್ಲಿ ಸಯನ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗ ಇದೆ. ಹೋಗುವಾಗ ಮೂರೂ ಪುಸ್ತಕ ತೆಗೆದುಕೊಂಡು ಹೋಗಿ: ಇಂಗ್ಲಿಷಿನದು, ಮರಾಠಿಯದು, ಅಜ್ಜಿ ಬರೆಸಿದ ಕನ್ನಡದ್ದು. ಮೂರರಲ್ಲೂ ಒಂದೇ ತೊಂದರೆ ಇದೆಯಾ, ಇಂಗ್ಲಿಷಿನಲ್ಲಿ ಮಾತ್ರವಾ ಎಂದು ಅವರಿಗೆ ಅದರಿಂದ ತಿಳಿಯುತ್ತದೆ.